ಡಿಪ್ಲೊಮಾ ನಿರ್ಧಾರವಾಗುವುದು ಒಂಬತ್ತನೇ ತರಗತಿಯಲ್ಲಿ

ಪ್ರಶ್ನೆ: ನಾವು ಅಮೆರಿಕದಲ್ಲಿ ನೆಲೆಸಿ ಹಲವು ವರ್ಷಗಳಾದವು. ದೊಡ್ಡ ಮಗಳು ಈ ಆಗಸ್ಟ್‌ನಲ್ಲಿ ಒಂಬತ್ತನೇ ತರಗತಿಗೆ, ಅಂದರೆ ಹೈಸ್ಕೂಲಿಗೆ, ಕಾಲಿಡುತ್ತಾಳೆ. ನಮ್ಮ ಸ್ಕೂಲ್ ಡಿಸ್ಟ್ರಿಕ್ಟ್‌ನ (ಊರಿನ ಸರ್ಕಾರಿ ಶಾಲೆಗಳನ್ನು ನಡೆಸುವ ಸ್ಥಳೀಯ ಆಡಳಿತದ) ಮಂಡಳಿ ಇತ್ತೀಚೆಗೆ ಹೊಸ ಯೋಜನೆಯೊಂದನ್ನು ಪ್ರಕಟಿಸಿದೆ. ಗ್ರ್ಯಾಜುಯೇಷನ್ ಪ್ರಮಾಣವನ್ನು ಶೇ 90ಕ್ಕೆ ಏರಿಸುವುದು ಮತ್ತು ಹೊಸ ಮೌಲ್ಯಮಾಪನ ಹಾಗೂ ತರಬೇತಿಯ ಮೂಲಕ ಬೋಧನೆಯ ಗುಣಮಟ್ಟವನ್ನು ಹೆಚ್ಚಿಸುವುದು ಅದರ ಎರಡು ಗುರಿಗಳು. ಇಂಥ ಯೋಜನೆಗಳು ನಿಜಕ್ಕೂ ಫಲ ಕೊಡುತ್ತವೆಯೇ? ಮಂಡಳಿಯ ಸಭೆಯಲ್ಲಿ ಹೆತ್ತವರಾಗಿ ನಾವು ಏನನ್ನು ಕೇಳಬೇಕು?

ಉತ್ತರ: ಕೆಲವು ಯೋಜನೆಗಳು ಫಲ ಕೊಟ್ಟಿವೆ, ಹಲವು ಕೊಟ್ಟಿಲ್ಲ. ಯಾವುದು ಫಲ ಕೊಡುತ್ತದೆ ಎಂಬುದನ್ನು ಗುರಿಯಾಗಿ ಬರೆದ ಅಂಕಿಯಿಂದ ತಿಳಿಯಲು ಸಾಧ್ಯವಿಲ್ಲ. ಈ ವಿಷಯವನ್ನು ಬಹುಕಾಲದಿಂದ ಹತ್ತಿರದಿಂದ ನೋಡಿದವನಾಗಿ ನಾನು ಯೋಜನೆಯ ಪುಟಗಳಲ್ಲಿ ಮೊದಲು ಹುಡುಕುವುದು ಒಂದೇ ಸಂಗತಿಯನ್ನು. ಒಂಬತ್ತನೇ ತರಗತಿಯ ಮೊದಲ ಐದಾರು ವಾರಗಳಲ್ಲಿ ಯಾವ ಮಗು ತರಗತಿ ತಪ್ಪಿಸುತ್ತಿದೆ, ಯಾವ ವಿಷಯದಲ್ಲಿ ಹಿಂದೆ ಬೀಳುತ್ತಿದೆ ಎಂಬುದನ್ನು ಆ ಮಕ್ಕಳಿಗೆ ಕಲಿಸುವ ಶಿಕ್ಷಕರೆಲ್ಲ ಒಟ್ಟಿಗೆ ಕುಳಿತು ನೋಡುವ ವ್ಯವಸ್ಥೆ ಇದೆಯೇ, ಅದಕ್ಕೆ ಅವರ ವೇಳಾಪಟ್ಟಿಯಲ್ಲಿ ಸಮಯ ಇಟ್ಟಿದ್ದಾರೆಯೇ ಎಂಬುದೇ ಆ ಸಂಗತಿ. ಅದು ಇದ್ದಲ್ಲಿ ಗ್ರ್ಯಾಜುಯೇಷನ್ ಪ್ರಮಾಣವೂ ಏರುತ್ತದೆ, ಬೋಧನೆಯೂ ಸುಧಾರಿಸುತ್ತದೆ. ನಿಮ್ಮ ಮಂಡಳಿ ಎರಡು ಗುರಿಗಳೆಂದು ಬರೆದುಕೊಂಡಿರುವುದನ್ನು ನಾನು ಒಂದೇ ಕೆಲಸವೆಂದು ತಿಳಿದಿದ್ದೇನೆ. ಏಕೆಂಬುದನ್ನು ಮುಂದೆ ವಿವರಿಸುತ್ತೇನೆ.

ಮೊದಲು ಆ ಶೇಕಡಾವಾರು ಹೇಗೆ ಹುಟ್ಟುತ್ತದೆ ಎಂಬುದನ್ನು ನೋಡೋಣ, ಏಕೆಂದರೆ ಸಭೆಯಲ್ಲಿ ಕೇಳಬೇಕಾದ ಅರ್ಧದಷ್ಟು ಪ್ರಶ್ನೆಗಳು ಆ ಲೆಕ್ಕದಲ್ಲೇ ಅಡಗಿವೆ. ನಮ್ಮವರ ಮಾತಿನಲ್ಲಿ ಗ್ರ್ಯಾಜುಯೇಷನ್ ಎಂದರೆ ಕಾಲೇಜಿನ ಪದವಿ. ಇಲ್ಲಿ ಅದರ ಅರ್ಥ ಹೈಸ್ಕೂಲ್ ಡಿಪ್ಲೊಮಾ ಪಡೆಯುವುದು. 2000ದ ದಶಕದ ಮಧ್ಯದವರೆಗೆ ಒಂದೊಂದು ರಾಜ್ಯ ಒಂದೊಂದು ಸೂತ್ರದಲ್ಲಿ ಈ ಲೆಕ್ಕ ಹಾಕುತ್ತಿತ್ತು, ಹಾಗಾಗಿ ಒಂದು ರಾಜ್ಯದ ಅಂಕಿಯನ್ನು ಇನ್ನೊಂದರ ಜೊತೆ ಹೋಲಿಸುವಂತಿರಲಿಲ್ಲ. 2005ರಲ್ಲಿ ಐವತ್ತೂ ರಾಜ್ಯಗಳ ಗವರ್ನರ್‌ಗಳು ಒಂದೇ ಸೂತ್ರಕ್ಕೆ ಒಪ್ಪಿದರು. 2008ರಲ್ಲಿ ಫೆಡರಲ್ ಸರ್ಕಾರ ಅದನ್ನು ನಿಯಮವಾಗಿಸಿತು. ಆ ಸೂತ್ರದ ಪ್ರಕಾರ ಒಂದು ವರ್ಷ ಮೊದಲ ಬಾರಿಗೆ ಒಂಬತ್ತನೇ ತರಗತಿಗೆ ಸೇರಿದ ಮಕ್ಕಳನ್ನು ಒಂದು ತಂಡವೆಂದು ಗುರುತಿಸುತ್ತಾರೆ. ಅನಂತರ ಬೇರೆ ಕಡೆಯಿಂದ ಬಂದು ಸೇರಿದವರನ್ನು ಕೂಡಿಸಿ, ಬೇರೆ ಶಾಲೆಗೆ ಹೋದವರನ್ನು, ದೇಶ ಬಿಟ್ಟವರನ್ನು, ತೀರಿಕೊಂಡವರನ್ನು ಕಳೆದು, ಉಳಿದವರಲ್ಲಿ ಎಷ್ಟು ಮಂದಿ ನಾಲ್ಕು ವರ್ಷಗಳೊಳಗೆ ಸಾಮಾನ್ಯ ಡಿಪ್ಲೊಮಾ ಪಡೆದರು ಎಂದು ನೋಡುತ್ತಾರೆ. ಜಿಇಡಿ ಎಂಬ ಸಮಾನಾಂತರ ಪರೀಕ್ಷೆ ಪಾಸಾದವರು ಇದರಲ್ಲಿ ಸೇರುವುದಿಲ್ಲ.

ಈ ಲೆಕ್ಕದ ಪ್ರಕಾರ 2010-11ರಲ್ಲಿ ದೇಶದ ಪ್ರಮಾಣ ಶೇ 79 ಇತ್ತು, 2015-16ರಲ್ಲಿ ಶೇ 84 ಆಯಿತು, 2021-22ರಲ್ಲಿ ಶೇ 87 ಮುಟ್ಟಿತು. 2020ರೊಳಗೆ ಶೇ 90 ಆಗಬೇಕೆಂದು ಗ್ರ್ಯಾಡ್‌ನೇಷನ್ ಎಂಬ ರಾಷ್ಟ್ರೀಯ ಅಭಿಯಾನ ಗುರಿ ಇಟ್ಟುಕೊಂಡಿತ್ತು, ಆದರೆ ಅಲ್ಲಿಗೆ ತಲುಪಲಿಲ್ಲ. ಹಾಗಾಗಿ ನಿಮ್ಮ ಮಂಡಳಿಯ ಶೇ 90 ಸಣ್ಣ ಗುರಿಯೇನೂ ಅಲ್ಲ. ಇದೇ ಅವಧಿಯಲ್ಲಿ ಗಮನಿಸಬೇಕಾದ ಇನ್ನೊಂದು ಸಂಗತಿ ಇದೆ. ಹನ್ನೆರಡನೇ ತರಗತಿಯ ಮಕ್ಕಳು ಬರೆಯುವ ರಾಷ್ಟ್ರೀಯ ಮೌಲ್ಯಮಾಪನದಲ್ಲಿ ಓದು ಮತ್ತು ಗಣಿತದ ಸರಾಸರಿ ಅಂಕಗಳು 2009 ಮತ್ತು 2019ರ ನಡುವೆ ಏರಲಿಲ್ಲ, ತುಸು ಇಳಿದವು. ಡಿಪ್ಲೊಮಾ ಪಡೆಯುವವರು ಹೆಚ್ಚಿದ್ದು ಬಹಳ ಒಳ್ಳೆಯದು, ಏಕೆಂದರೆ ಡಿಪ್ಲೊಮಾ ಇಲ್ಲದವರಿಗೆ ಈ ದೇಶದಲ್ಲಿ ಕೆಲಸದ ಬಾಗಿಲುಗಳು ಒಂದೊಂದಾಗಿ ಮುಚ್ಚುತ್ತವೆ. ಆದರೆ ಡಿಪ್ಲೊಮಾದ ಜೊತೆಗೆ ಕಲಿಕೆಯೂ ಹೆಚ್ಚಿತೇ ಎಂಬ ಪ್ರಶ್ನೆಯನ್ನು ಬಿಟ್ಟುಬಿಡಲಾಗದು. ನಿಮ್ಮ ಮಂಡಳಿ ಬೋಧನೆಯ ಗುಣಮಟ್ಟವನ್ನೂ ಗುರಿಯಾಗಿ ಸೇರಿಸಿಕೊಂಡಿರುವುದು ಆ ಕಾರಣಕ್ಕೇ ಇರಬಹುದೆಂದು ನಾನು ಭಾವಿಸುತ್ತೇನೆ.

ಶೇಕಡಾವಾರು ಒಂದು ಭಿನ್ನರಾಶಿ. ಅದನ್ನು ಏರಿಸಲು ಮೇಲಿನ ಸಂಖ್ಯೆಯನ್ನು ಹೆಚ್ಚಿಸಬಹುದು, ಕೆಳಗಿನ ಸಂಖ್ಯೆಯನ್ನು ತಗ್ಗಿಸಲೂಬಹುದು. ಶಾಲೆ ಬಿಟ್ಟ ಮಗುವನ್ನು ಕಡತದಲ್ಲಿ ಬೇರೆ ಶಾಲೆಗೆ ಹೋದ ಮಗುವೆಂದು ನಮೂದಿಸಿದರೆ ಆ ಮಗು ಲೆಕ್ಕದಿಂದಲೇ ಮಾಯವಾಗುತ್ತದೆ. ಬೇರೆ ಶಾಲೆ ಸೇರಿದ್ದಕ್ಕೆ ಲಿಖಿತ ದಾಖಲೆ ಇರಬೇಕೆಂದು 2008ರ ನಿಯಮ ಹೇಳಿದ್ದರೂ ಇದು ನಡೆದಿದೆ. 2015ರಲ್ಲಿ ಪತ್ರಕರ್ತರು ಇಂಥ ತಪ್ಪು ನಮೂದುಗಳನ್ನು ಹೊರಗೆಳೆದ ಮೇಲೆ ಶಿಕಾಗೊ ಡಿಸ್ಟ್ರಿಕ್ಟ್ ತಾನು ಪ್ರಕಟಿಸಿದ್ದ ಹಿಂದಿನ ವರ್ಷಗಳ ಪ್ರಮಾಣವನ್ನು ತಿದ್ದಿ ಇಳಿಸಬೇಕಾಯಿತು. ವಾಷಿಂಗ್ಟನ್ ಡಿ.ಸಿ.ಯ ಪ್ರಕರಣ ಇನ್ನೂ ನೋವಿನದು. ಅಲ್ಲಿನ ಬಲೂ ಹೈಸ್ಕೂಲಿನಲ್ಲಿ 2017ರಲ್ಲಿ ಡಿಪ್ಲೊಮಾ ಪಡೆದ ಹಲವರು ವಾರಗಟ್ಟಲೆ ಶಾಲೆಗೇ ಬಂದಿರಲಿಲ್ಲವೆಂದು ರೇಡಿಯೊ ವರದಿಗಾರರು ಪತ್ತೆ ಹಚ್ಚಿದರು. ಬಳಿಕ ನಡೆದ ತನಿಖೆಯ ವರದಿ 2018ರ ಜನವರಿಯಲ್ಲಿ ಬಂತು. ಇಡೀ ಡಿಸ್ಟ್ರಿಕ್ಟ್‌ನಲ್ಲಿ ಆ ವರ್ಷ ಡಿಪ್ಲೊಮಾ ಪಡೆದವರಲ್ಲಿ ಸುಮಾರು ಮೂರನೇ ಒಂದು ಭಾಗದಷ್ಟು ಮಕ್ಕಳಿಗೆ ಹಾಜರಾತಿಯ ಅಥವಾ ಕ್ರೆಡಿಟ್ ರಿಕವರಿಯ ನಿಯಮಗಳನ್ನು ಮೀರಿ ಅದನ್ನು ಕೊಡಲಾಗಿತ್ತೆಂದೂ, ಪಾಸು ಮಾಡುವಂತೆ ಶಿಕ್ಷಕರ ಮೇಲೆ ಒತ್ತಡವಿತ್ತೆಂದೂ ಅದು ಹೇಳಿತು. ಮರುವರ್ಷ ನಿಯಮಗಳನ್ನು ಬಿಗಿಗೊಳಿಸಿದಾಗ ಪ್ರಮಾಣ ಶೇ 73ರಿಂದ ಶೇ 70ಕ್ಕಿಂತ ಕೆಳಗೆ ಇಳಿಯಿತು. ಆ ಇಳಿಕೆಯ ಹಿಂದೆ ಇದ್ದವರು ಮಕ್ಕಳು. ನಿಯಮವನ್ನು ಅವರು ಒಂಬತ್ತನೇ ತರಗತಿಯಲ್ಲೇ ಕೇಳಿಸಿಕೊಂಡಿದ್ದರೆ, ಆಗಲೇ ಅವರ ಬೆನ್ನಿಗೆ ಯಾರಾದರೂ ನಿಂತಿದ್ದರೆ, ಹನ್ನೆರಡನೆಯ ತರಗತಿಯ ಕೊನೆಯಲ್ಲಿ ಅಷ್ಟು ಮಂದಿ ಎಡವುತ್ತಿರಲಿಲ್ಲ ಎಂಬುದು ನನ್ನ ದೃಢ ನಂಬಿಕೆ.

ಕ್ರೆಡಿಟ್ ರಿಕವರಿ ಎಂದರೇನೆಂದು ಇಲ್ಲಿ ಹೇಳಿಬಿಡಬೇಕು. ಫೇಲಾದ ವಿಷಯವನ್ನು ಬೇಸಿಗೆಯಲ್ಲೋ, ಸಂಜೆಯಲ್ಲೋ, ಹೆಚ್ಚಾಗಿ ಕಂಪ್ಯೂಟರಿನ ಮುಂದೆ ಕುಳಿತೋ ಮತ್ತೆ ಮುಗಿಸಿ ಆ ವಿಷಯದ ಕ್ರೆಡಿಟ್, ಅಂದರೆ ಪಾಸಾದದ್ದಕ್ಕೆ ಡಿಪ್ಲೊಮಾದ ಲೆಕ್ಕದಲ್ಲಿ ಸಿಗುವ ಮಾನ್ಯತೆ, ಪಡೆಯುವ ಅವಕಾಶ ಅದು. ಕಾಯಿಲೆ ಬಿದ್ದು ಒಂದು ಸೆಮಿಸ್ಟರ್ ಕಳೆದುಕೊಂಡ ಮಗುವಿಗೆ ಇದು ವರದಾನ, ಮತ್ತು ಜೊತೆಗೆ ಒಬ್ಬ ಶಿಕ್ಷಕರಿದ್ದು ಪಾಠ ನಡೆಯುವ ಕಡೆ ಇದರ ವಿರುದ್ಧ ನನಗೆ ಯಾವ ಆಕ್ಷೇಪವೂ ಇಲ್ಲ. ಆದರೆ ವರ್ಷವಿಡೀ ಕಲಿಯಬೇಕಾದದ್ದನ್ನು ಎರಡು ವಾರಗಳಲ್ಲಿ ಗುಂಡಿ ಒತ್ತಿ ಮುಗಿಸುವಂತಿದ್ದರೆ ಅಲ್ಲಿ ಸಿಗುವುದು ಕ್ರೆಡಿಟ್ ಮಾತ್ರ. ಆದ್ದರಿಂದ ಸಭೆಯಲ್ಲಿ ನೀವು ಕೇಳಬೇಕಾದ ಮೊದಲ ಪ್ರಶ್ನೆ ಇದು: ಕಳೆದ ವರ್ಷ ಡಿಪ್ಲೊಮಾ ಪಡೆದವರಲ್ಲಿ ಎಷ್ಟು ಮಂದಿ ಕ್ರೆಡಿಟ್ ರಿಕವರಿಯ ಮೂಲಕ ಒಂದಾದರೂ ವಿಷಯ ಮುಗಿಸಿದ್ದಾರೆ, ಆ ಕೋರ್ಸುಗಳಲ್ಲಿ ಶಿಕ್ಷಕರು ಖುದ್ದಾಗಿ ಇರುತ್ತಾರೆಯೇ? ಇದರ ಬೆನ್ನಿಗೇ, ಬೇರೆ ಕಡೆ ಹೋದರೆಂದು ಲೆಕ್ಕದಿಂದ ತೆಗೆದ ಮಕ್ಕಳು ಎಷ್ಟು, ಅವರೆಲ್ಲರ ದಾಖಲೆಗಳನ್ನು ಯಾರು ಪರಿಶೀಲಿಸುತ್ತಾರೆ ಎಂದೂ ಕೇಳಿ. ಪ್ರಾಮಾಣಿಕವಾಗಿ ಕೆಲಸ ಮಾಡುವ ಡಿಸ್ಟ್ರಿಕ್ಟ್ ಈ ಪ್ರಶ್ನೆಗಳಿಂದ ಮುಜುಗರ ಪಡುವುದಿಲ್ಲ.

ಇನ್ನು ಆ ಭಿನ್ನರಾಶಿಯ ಮೇಲಿನ ಸಂಖ್ಯೆಯನ್ನು, ಅಂದರೆ ಡಿಪ್ಲೊಮಾ ಪಡೆದವರ ಸಂಖ್ಯೆಯನ್ನು, ನಿಜವಾಗಿ ಹೆಚ್ಚಿಸಿದ ಕೆಲಸಕ್ಕೆ ಬರೋಣ. ಅಂಕಿ ತಿದ್ದಿದ ಊರೆಂದು ಮೇಲೆ ಹೆಸರಿಸಿದ ಶಿಕಾಗೊವೇ ಈ ವಿಷಯದಲ್ಲಿ ದೇಶಕ್ಕೆ ದಾರಿ ತೋರಿಸಿದ ಊರೂ ಹೌದು. ತಿದ್ದಿದ ನಂತರವೂ ಅಲ್ಲಿನ ಏರಿಕೆ ನಿಜವಾಗಿಯೇ ಉಳಿದಿದೆ. ಶಿಕಾಗೊ ವಿಶ್ವವಿದ್ಯಾಲಯದ ಶಾಲಾ ಸಂಶೋಧನಾ ಒಕ್ಕೂಟದ ಎಲೇನ್ ಆಲೆನ್ಸ್‌ವರ್ತ್ ಮತ್ತು ಜಾನ್ ಈಸ್ಟನ್ 2005ರಲ್ಲಿ ಒಂದು ಸರಳ ಅಳತೆಯನ್ನು ಮುಂದಿಟ್ಟರು. ಒಂಬತ್ತನೇ ತರಗತಿಯ ಕೊನೆಗೆ ಹತ್ತಕ್ಕೆ ಹೋಗಲು ಬೇಕಾದಷ್ಟು ಕ್ರೆಡಿಟ್ ಗಳಿಸಿ, ಮುಖ್ಯ ವಿಷಯಗಳಲ್ಲಿ ಒಂದು ಸೆಮಿಸ್ಟರಿನ ಒಂದಕ್ಕಿಂತ ಹೆಚ್ಚು ಎಫ್ (ಫೇಲ್ ಗ್ರೇಡ್) ಇಲ್ಲದ ಮಗುವನ್ನು ಅವರು ಹಳಿಯ ಮೇಲಿರುವ ಮಗು ಎಂದು ಕರೆದರು. ಹಳಿಯ ಮೇಲಿದ್ದವರಲ್ಲಿ ಶೇ 81ರಷ್ಟು ಮಂದಿ ನಾಲ್ಕು ವರ್ಷಗಳಲ್ಲಿ ಡಿಪ್ಲೊಮಾ ಪಡೆದಿದ್ದರು. ಹಳಿ ತಪ್ಪಿದವರಲ್ಲಿ ಪಡೆದವರು ಶೇ 22 ಮಾತ್ರ. ಎಂಟನೇ ತರಗತಿಯ ಪರೀಕ್ಷಾ ಅಂಕಗಳಾಗಲಿ, ಮನೆಯ ಆದಾಯವಾಗಲಿ, ಮಗುವಿನ ಜನಾಂಗವಾಗಲಿ ಇಷ್ಟು ನಿಖರವಾಗಿ ಮುಂದಿನದನ್ನು ಹೇಳುತ್ತಿರಲಿಲ್ಲ.

2007ರಲ್ಲಿ ಅದೇ ಒಕ್ಕೂಟ ಹೊರತಂದ ವರದಿ ನನ್ನನ್ನು ಇನ್ನಷ್ಟು ತಟ್ಟಿತು. ಒಂಬತ್ತನೇ ತರಗತಿಯಲ್ಲಿ ಮಗು ಫೇಲಾಗುತ್ತದೆಯೇ ಎಂಬುದನ್ನು ಊಹಿಸಲು ಹಿಂದಿನ ಪರೀಕ್ಷಾ ಅಂಕಗಳಿಗಿಂತ ಹಾಜರಾತಿ ಎಂಟು ಪಟ್ಟು ಹೆಚ್ಚು ನೆರವಾಗುತ್ತದೆಂದು ಅದು ತೋರಿಸಿತು. ಒಳ್ಳೆಯ ಅಂಕಗಳೊಂದಿಗೆ ಹೈಸ್ಕೂಲಿಗೆ ಬಂದು ಸೆಮಿಸ್ಟರಿಗೆ ಎರಡು ವಾರ ತಪ್ಪಿಸಿಕೊಂಡ ಮಗು, ಕಡಿಮೆ ಅಂಕಗಳೊಂದಿಗೆ ಬಂದು ಒಂದೇ ವಾರ ತಪ್ಪಿಸಿಕೊಂಡ ಮಗುವಿಗಿಂತ ಫೇಲಾಗುವ ಸಾಧ್ಯತೆ ಹೆಚ್ಚು. ಚೆನ್ನಾಗಿ ಓದುವ ಮಕ್ಕಳ ಹೆತ್ತವರು ಇದನ್ನು ಎರಡು ಸಲ ಓದಬೇಕೆಂದು ನಾನು ಕೇಳಿಕೊಳ್ಳುತ್ತೇನೆ. ಅಂಕ ಚೆನ್ನಾಗಿದೆ, ಹಾಗಾಗಿ ಚಿಂತೆಯಿಲ್ಲ ಎಂದುಕೊಳ್ಳುವುದು ನಮ್ಮ ಮನೆಗಳಲ್ಲಿ ತೀರಾ ಸಾಮಾನ್ಯ. ಹೈಸ್ಕೂಲಿನಲ್ಲಿ ಆರೇಳು ಶಿಕ್ಷಕರು, ಆರೇಳು ಕೋಣೆಗಳು. ಇಡೀ ದಿನ ಮಗುವನ್ನು ನೋಡುವ ಒಬ್ಬ ಶಿಕ್ಷಕರು ಇರುವುದಿಲ್ಲ. ಒಂದು ಪೀರಿಯಡ್ ತಪ್ಪಿಸಿದರೆ ಯಾರಿಗೂ ತಿಳಿಯದೆ ಹೋಗಬಹುದೆಂಬುದು ಹದಿನಾಲ್ಕು ವರ್ಷದ ಮಗುವಿಗೆ ಮೊದಲ ಬಾರಿಗೆ ಅರಿವಾಗುವ ವಯಸ್ಸು ಅದು.

ಶಿಕಾಗೊ ಮಾಡಿದ್ದು ಇಷ್ಟೇ: 2007ರ ಬಳಿಕ ಪ್ರತಿ ಹೈಸ್ಕೂಲಿಗೂ ಹಳಿ ತಪ್ಪುತ್ತಿರುವ ಮಕ್ಕಳ ಹೆಸರುಗಳ ಪಟ್ಟಿಯನ್ನು ವರ್ಷದ ಕೊನೆಯವರೆಗೆ ಕಾಯದೆ, ವರ್ಷ ನಡೆಯುತ್ತಿರುವಾಗಲೇ ಕೊಡಲಾರಂಭಿಸಿತು. ಕೊಟ್ಟದ್ದು ಶೇಕಡಾವಾರು ಅಂಕಿಯನ್ನಲ್ಲ, ಹೆಸರುಗಳನ್ನು. 2007ರಲ್ಲಿ ಶೇ 57ರಷ್ಟು ಮಕ್ಕಳು ಹಳಿಯ ಮೇಲಿದ್ದರೆ 2013ರಲ್ಲಿ ಆ ಪ್ರಮಾಣ ಶೇ 82 ಆಯಿತು. ಶಿಕ್ಷಕರು ಸುಮ್ಮನೆ ಪಾಸು ಮಾಡಿರಬಹುದೆಂಬ ಅನುಮಾನ ಸಹಜ. ಸಂಶೋಧಕರಿಗೂ ಅದು ಬಂತು. ಹಾಗೆ ಆಗಿದ್ದರೆ ಮಕ್ಕಳು ಹತ್ತರಲ್ಲೋ ಹನ್ನೊಂದರಲ್ಲೋ ಕುಸಿಯಬೇಕಿತ್ತು, ಆದರೆ ಕುಸಿಯಲಿಲ್ಲ. ಮೊದಲು ಶಾಲೆ ಬಿಟ್ಟು ಹೋಗುತ್ತಿದ್ದ ಮಕ್ಕಳೂ ಈಗ ಹನ್ನೊಂದನೇ ತರಗತಿಯವರೆಗೆ ಬಂದು ಕಾಲೇಜು ಪ್ರವೇಶದ ಎಸಿಟಿ ಪರೀಕ್ಷೆಗೆ ಕುಳಿತರೂ ಸರಾಸರಿ ಅಂಕಗಳು ಹೆಚ್ಚು ಕಡಿಮೆ ಹಾಗೆಯೇ ಉಳಿದವು. ಐದು ವರ್ಷಗಳಲ್ಲಿ ಹೈಸ್ಕೂಲ್ ಮುಗಿಸುವವರ ಪ್ರಮಾಣ ಅಲ್ಲಿ 2011ರಲ್ಲಿ ಶೇ 57ರ ಆಸುಪಾಸಿನಲ್ಲಿತ್ತು, ಈ ದಶಕದಲ್ಲಿ ಶೇ 80ನ್ನು ದಾಟಿದೆ.

ಪಟ್ಟಿಯೊಂದು ಹೇಗೆ ಕೆಲಸ ಮಾಡುತ್ತದೆ ಎಂಬುದನ್ನು ನಾನು ಒಮ್ಮೆ ಹತ್ತಿರದಿಂದ ನೋಡಿದೆ. ಒಂದು ಹೈಸ್ಕೂಲಿನ ಒಂಬತ್ತನೇ ತರಗತಿಯ ಶಿಕ್ಷಕರು ವಾರಕ್ಕೊಮ್ಮೆ ಸೇರುವ ಸಭೆ ಅದು. ಶಾಲೆ ಆರಂಭವಾಗಿ ಆರನೇ ವಾರ. ಮೇಜಿನ ಸುತ್ತ ನಾಲ್ವರು ಶಿಕ್ಷಕರು, ಒಬ್ಬ ಕೌನ್ಸೆಲರ್, ಹಾಜರಾತಿ ನೋಡಿಕೊಳ್ಳುವ ಗುಮಾಸ್ತೆ. ಪಟ್ಟಿಯಲ್ಲಿ ಒಬ್ಬ ಹುಡುಗನ ಸಾಲಿಗೆ ಬಂದಾಗ ಎಲ್ಲರೂ ಓದುವುದನ್ನು ನಿಲ್ಲಿಸಿದರು, ಏಕೆಂದರೆ ಉಳಿದ ಎಲ್ಲ ವಿಷಯಗಳಲ್ಲಿ ಬಿ ಇದ್ದವನಿಗೆ ಆಲ್ಜೀಬ್ರಾದಲ್ಲಿ ಮಾತ್ರ ಎಫ್ ಇತ್ತು. ಗಣಿತದ ಶಿಕ್ಷಕಿ, ಅವನಿಗೆ ಆಸಕ್ತಿಯಿಲ್ಲ ಎಂದರು. ಗುಮಾಸ್ತೆ ಹಾಜರಾತಿ ಹಾಳೆಯನ್ನು ತಿರುಗಿಸಿ ನೋಡಿ, ಅವನು ತಪ್ಪಿಸಿಕೊಂಡದ್ದೆಲ್ಲ ಮೊದಲ ಪೀರಿಯಡ್ಡೇ ಎಂದರು. ಆಗ ಇಂಗ್ಲಿಷ್ ಶಿಕ್ಷಕರಿಗೆ ನೆನಪಾಯಿತು, ಹುಡುಗ ಒಂದು ಪ್ರಬಂಧದಲ್ಲಿ ಪ್ರತಿ ಬೆಳಿಗ್ಗೆ ತಮ್ಮನನ್ನು ಪ್ರಾಥಮಿಕ ಶಾಲೆಗೆ ಬಿಟ್ಟು ಬರುವುದನ್ನು ಬರೆದಿದ್ದ. ಆ ಶಾಲೆಯ ಬಾಗಿಲು ತೆರೆಯುವುದು ಹೈಸ್ಕೂಲ್ ಶುರುವಾದ ಅರ್ಧ ಗಂಟೆಯ ಮೇಲೆ. ಕೌನ್ಸೆಲರ್ ಅಲ್ಲೇ ಕಂಪ್ಯೂಟರ್ ತೆರೆದು ಅವನ ಆಲ್ಜೀಬ್ರಾವನ್ನು ನಾಲ್ಕನೇ ಪೀರಿಯಡ್‌ಗೆ ಬದಲಿಸಿ, ಮೊದಲ ಪೀರಿಯಡ್‌ನಲ್ಲಿ ಸ್ಟಡಿ ಹಾಲ್, ಅಂದರೆ ಪಾಠವಿಲ್ಲದೆ ತಾನೇ ಓದಿಕೊಳ್ಳುವ ಅವಧಿ, ಇಟ್ಟರು. ಹತ್ತು ನಿಮಿಷವೂ ಹಿಡಿಯಲಿಲ್ಲ. ಆ ಹುಡುಗನ ಬಗ್ಗೆ ಪ್ರತಿಯೊಬ್ಬರಿಗೂ ಒಂದೊಂದು ತುಣುಕು ಗೊತ್ತಿತ್ತು, ಒಟ್ಟಿಗೆ ಕುಳಿತದ್ದರಿಂದ ಅವು ಕೂಡಿದವು.

ಅದೇ ಸಭೆಯಲ್ಲಿ ಇನ್ನೊಂದು ಮಾತು ಬಂತು, ಅದು ನಿಮ್ಮ ಎರಡನೇ ಗುರಿಗೆ ಸಂಬಂಧಿಸಿದ್ದು. ಪಟ್ಟಿಯಲ್ಲಿ ಎಫ್ ಪಡೆದ ಮಕ್ಕಳಲ್ಲಿ ಬಹುಪಾಲು ಒಬ್ಬರೇ ಶಿಕ್ಷಕರ ಜೀವಶಾಸ್ತ್ರದ ತರಗತಿಯವರಾಗಿದ್ದರು. ಯಾರೂ ಅವರನ್ನು ದೂರಲಿಲ್ಲ. ಒಬ್ಬ ಹಿರಿಯ ಶಿಕ್ಷಕಿ ಅವರ ಗ್ರೇಡ್ ಪುಸ್ತಕವನ್ನು ಜೊತೆಯಲ್ಲಿ ನೋಡೋಣವೇ ಎಂದು ಕೇಳಿದರು. ಒಪ್ಪಿಸದ ಕೆಲಸಕ್ಕೆ ಅವರು ಸೊನ್ನೆ ಹಾಕುತ್ತಿದ್ದರು. ನೂರರ ಅಳತೆಯಲ್ಲಿ ಸೊನ್ನೆ ಏನು ಮಾಡುತ್ತದೆಂದು ಲೆಕ್ಕ ಹಾಕಿ ನೋಡಿ: ಐದು ಕೆಲಸಗಳಲ್ಲಿ ನಾಲ್ಕಕ್ಕೆ 80, ಒಂದಕ್ಕೆ ಸೊನ್ನೆ ಬಂದರೆ ಸರಾಸರಿ 64, ಎರಡಕ್ಕೆ ಸೊನ್ನೆ ಬಂದರೆ 48, ಅಂದರೆ ಎಫ್. ಮೂರು ಸಲ ಚೆನ್ನಾಗಿ ಮಾಡಿ ತೋರಿಸಿದ ಮಗು ಫೇಲಾಯಿತು, ಮತ್ತು ಅದರಿಂದ ಮೇಲೇಳುವುದು ಎಷ್ಟು ಕಷ್ಟವೆಂದು ಅರಿತ ಮೇಲೆ ಪ್ರಯತ್ನವನ್ನೇ ಬಿಟ್ಟಿತು. ಕೆಲವು ಡಿಸ್ಟ್ರಿಕ್ಟ್‌ಗಳು ಇದಕ್ಕೆ ಪರಿಹಾರವಾಗಿ 50ಕ್ಕಿಂತ ಕಡಿಮೆ ಅಂಕವನ್ನೇ ಕೊಡಬಾರದೆಂದು ನಿಯಮ ಮಾಡಿವೆ. ನಾನು ಅದನ್ನು ಒಪ್ಪುವುದಿಲ್ಲ, ಏಕೆಂದರೆ ಏನನ್ನೂ ಮಾಡದ ಮಗುವಿಗೆ ಅರ್ಧ ಅಂಕ ಕೊಟ್ಟರೆ ಗ್ರೇಡ್ ಹೇಳುವುದು ಸುಳ್ಳಾಗುತ್ತದೆ. ಆ ಶಿಕ್ಷಕರು ಕಂಡುಕೊಂಡ ದಾರಿ ನನಗೆ ಹಿಡಿಸಿತು: ವಾರಕ್ಕೆ ಎರಡು ದಿನ ಶಾಲೆ ಬಿಟ್ಟ ಮೇಲೆ ಒಂದು ಗಂಟೆ ತರಗತಿ ತೆರೆದಿಟ್ಟು, ಉಳಿದ ಕೆಲಸವನ್ನು ಅಲ್ಲೇ ಕುಳಿತು ಮುಗಿಸುವುದನ್ನು ಕಡ್ಡಾಯ ಮಾಡಿದರು. ಗ್ರೇಡ್ ಏರಿತು, ಅದರ ಜೊತೆಗೆ ಮಕ್ಕಳು ಜೀವಶಾಸ್ತ್ರವನ್ನೂ ಕಲಿತರು.

ಇದನ್ನು ನಾನು ಬೋಧನೆಯ ಗುಣಮಟ್ಟವೆಂದು ಕರೆಯುತ್ತೇನೆ. ಯೋಜನೆಗಳಲ್ಲಿ ಸಾಮಾನ್ಯವಾಗಿ ಆ ಹೆಸರಿನಡಿ ಬರುವುದು ಮೌಲ್ಯಮಾಪನ. ಅದರ ಇತಿಹಾಸ ಅಷ್ಟು ಉತ್ತೇಜನಕಾರಿಯಾಗಿಲ್ಲ. 2009ರಲ್ಲಿ ಒಬಾಮ ಆಡಳಿತ ರೇಸ್ ಟು ದ ಟಾಪ್ ಯೋಜನೆಯಡಿ 4.35 ಬಿಲಿಯನ್ ಡಾಲರ್ ಅನುದಾನವನ್ನು ಸ್ಪರ್ಧೆಗಿಟ್ಟ ಮೇಲೆ ಬಹುಪಾಲು ರಾಜ್ಯಗಳು ಶಿಕ್ಷಕರನ್ನು ಮಕ್ಕಳ ಪರೀಕ್ಷಾ ಅಂಕಗಳ ಆಧಾರದ ಮೇಲೂ ಅಳೆಯತೊಡಗಿದವು. ದೇಶವ್ಯಾಪಿಯಾಗಿ ನೋಡಿದಾಗ ಮಕ್ಕಳ ಕಲಿಕೆಯಲ್ಲಿ ಅದರಿಂದ ಗುರುತಿಸಬಹುದಾದ ಸುಧಾರಣೆ ಕಾಣಲಿಲ್ಲ. ಗೇಟ್ಸ್ ಪ್ರತಿಷ್ಠಾನ ಫ್ಲಾರಿಡಾದ ಹಿಲ್ಸ್‌ಬರೊ ಕೌಂಟಿ, ಮೆಂಫಿಸ್, ಪಿಟ್ಸ್‌ಬರ್ಗ್ ಮತ್ತು ನಾಲ್ಕು ಚಾರ್ಟರ್ ಶಾಲಾ (ಸರ್ಕಾರಿ ಹಣದಲ್ಲಿ ಸ್ವತಂತ್ರವಾಗಿ ನಡೆಯುವ ಶಾಲೆಗಳ) ಸಂಸ್ಥೆಗಳಲ್ಲಿ ಕೈಗೊಂಡ ಇಂಥದೇ ಪ್ರಯೋಗಕ್ಕೆ ಒಟ್ಟು ಸುಮಾರು 575 ಮಿಲಿಯನ್ ಡಾಲರ್ ಖರ್ಚಾಯಿತು, ಮತ್ತು ಅದು ಮಕ್ಕಳ ಕಲಿಕೆಯ ಹಾಗೂ ಗ್ರ್ಯಾಜುಯೇಷನ್‌ನ ಗುರಿಗಳನ್ನು ಮುಟ್ಟಲಿಲ್ಲವೆಂದು ರ‍್ಯಾಂಡ್ ಸಂಸ್ಥೆಯ 2018ರ ವರದಿ ಹೇಳಿತು. ವಾಷಿಂಗ್ಟನ್ ಡಿ.ಸಿ.ಯ ಇಂಪ್ಯಾಕ್ಟ್ ಎಂಬ ಮೌಲ್ಯಮಾಪನ ಮಾತ್ರ ಶಿಕ್ಷಕರ ಕೆಲಸವನ್ನು ಸ್ವಲ್ಪ ಮಟ್ಟಿಗೆ ಸುಧಾರಿಸಿತೆಂಬುದಕ್ಕೆ ಆಧಾರವಿದೆ. ಆದರೆ 2017ರ ಡಿಪ್ಲೊಮಾ ಪ್ರಕರಣ ನಡೆದದ್ದೂ ಅದೇ ಡಿಸ್ಟ್ರಿಕ್ಟ್‌ನಲ್ಲಿ ಎಂಬುದನ್ನು ನಾವು ಮರೆಯುವಂತಿಲ್ಲ.

ಹಾಗೆಂದು ಶಿಕ್ಷಕರ ತರಗತಿಗೆ ಯಾರೂ ಹೋಗಿ ನೋಡಬಾರದು ಎಂದು ನಾನು ಹೇಳುತ್ತಿಲ್ಲ. ನೋಡುವವರು ಯಾರು, ನೋಡಿದ ಮೇಲೆ ಏನು ಮಾಡುತ್ತಾರೆ ಎಂಬುದರ ಮೇಲೆ ಎಲ್ಲವೂ ನಿಂತಿದೆ. ಸಿನ್ಸಿನಾಟಿಯಲ್ಲಿ ನುರಿತ ಸಹಶಿಕ್ಷಕರೇ ವರ್ಷದಲ್ಲಿ ಹಲವು ಬಾರಿ ತರಗತಿಗೆ ಬಂದು, ಬರೆದುಕೊಂಡು, ಆಮೇಲೆ ಕುಳಿತು ಮಾತನಾಡುವ ಪದ್ಧತಿಯನ್ನು ಸಂಶೋಧಕರಾದ ಎರಿಕ್ ಟೇಲರ್ ಮತ್ತು ಜಾನ್ ಟೈಲರ್ ಅಧ್ಯಯನ ಮಾಡಿದ್ದಾರೆ. ಆ ವರ್ಷ ಮಾತ್ರವಲ್ಲ, ಅದಾದ ನಂತರದ ವರ್ಷಗಳಲ್ಲೂ ಆ ಶಿಕ್ಷಕರ ಮಕ್ಕಳು ಗಣಿತದಲ್ಲಿ ಹೆಚ್ಚು ಕಲಿತದ್ದನ್ನು ಅವರು 2012ರಲ್ಲಿ ತೋರಿಸಿದರು. ಮ್ಯಾಥ್ಯೂ ಕ್ರಾಫ್ಟ್ ಮತ್ತು ಸಂಗಡಿಗರು 2018ರಲ್ಲಿ ಇಂಥ ಒಬ್ಬೊಬ್ಬರಿಗೇ ಕೊಡುವ ಮಾರ್ಗದರ್ಶನದ, ಅಂದರೆ ಕೋಚಿಂಗ್‌ನ, 60 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗಲೂ ಬೋಧನೆಯಲ್ಲಿ ಸ್ಪಷ್ಟವಾದ, ಮಕ್ಕಳ ಕಲಿಕೆಯಲ್ಲಿ ಅದಕ್ಕಿಂತ ಸಣ್ಣದಾದರೂ ನಿಜವಾದ ಲಾಭ ಕಂಡಿತು. ಆದರೆ ಕಾರ್ಯಕ್ರಮ ದೊಡ್ಡದಾದಷ್ಟೂ ಲಾಭ ತೆಳುವಾಯಿತು. ನೂರಾರು ಶಿಕ್ಷಕರನ್ನು ಸಭಾಂಗಣದಲ್ಲಿ ಕೂರಿಸಿ ಸ್ಲೈಡ್ ತೋರಿಸುವ ತರಬೇತಿಗೆ ಇಂಥ ಪುರಾವೆಯಿಲ್ಲ. ಟಿಎನ್‌ಟಿಪಿ ಎಂಬ ಸಂಸ್ಥೆ 2015ರಲ್ಲಿ ಮೂರು ದೊಡ್ಡ ಡಿಸ್ಟ್ರಿಕ್ಟ್‌ಗಳನ್ನು ನೋಡಿದಾಗ ಒಬ್ಬ ಶಿಕ್ಷಕರ ತರಬೇತಿಗೆ ವರ್ಷಕ್ಕೆ ಸರಾಸರಿ 18,000 ಡಾಲರ್ ಖರ್ಚಾಗುತ್ತಿತ್ತು, ಗಣನೀಯವಾಗಿ ಸುಧಾರಿಸುತ್ತಿದ್ದವರು ಹತ್ತರಲ್ಲಿ ಮೂವರು.

ಒಳ್ಳೆಯ ಶಿಕ್ಷಕರೆಂದರೆ ಯಾರು ಎಂಬ ಪ್ರಶ್ನೆಗೆ ಅರ್ಥಶಾಸ್ತ್ರಜ್ಞ ಕಿರಾಬೊ ಜ್ಯಾಕ್ಸನ್ ಅವರ 2018ರ ಅಧ್ಯಯನ ಕೊಟ್ಟ ಉತ್ತರವನ್ನು ನಿಮ್ಮ ಮಂಡಳಿಯ ಸದಸ್ಯರಿಗೆ ಓದಿ ಹೇಳಬೇಕೆನಿಸುತ್ತದೆ. ನಾರ್ತ್ ಕ್ಯಾರೊಲೈನಾದ ಒಂಬತ್ತನೇ ತರಗತಿಯ ಶಿಕ್ಷಕರನ್ನು ಅವರು ಎರಡು ರೀತಿ ಅಳೆದರು: ಮಕ್ಕಳ ಪರೀಕ್ಷಾ ಅಂಕಗಳನ್ನು ಅವರು ಎಷ್ಟು ಏರಿಸುತ್ತಾರೆ, ಮತ್ತು ಮಕ್ಕಳ ಹಾಜರಾತಿ, ಗ್ರೇಡ್, ಶಿಸ್ತು, ಹತ್ತನೇ ತರಗತಿಗೆ ಸಮಯಕ್ಕೆ ಹೋಗುವುದು ಇವನ್ನು ಎಷ್ಟು ಸುಧಾರಿಸುತ್ತಾರೆ. ಒಂದರಲ್ಲಿ ಮೇಲಿದ್ದವರು ಇನ್ನೊಂದರಲ್ಲೂ ಮೇಲಿರುತ್ತಾರೆಂದೇನೂ ಇರಲಿಲ್ಲ. ಮಗು ಹೈಸ್ಕೂಲ್ ಮುಗಿಸುತ್ತದೆಯೇ ಎಂಬುದರ ಮೇಲೆ ಎರಡನೇ ಬಗೆಯ ಶಿಕ್ಷಕರ ಪ್ರಭಾವ ಹೆಚ್ಚಿತ್ತು. ಕೇವಲ ಪರೀಕ್ಷಾ ಅಂಕದಿಂದ ಶಿಕ್ಷಕರನ್ನು ಅಳೆಯುವ ಡಿಸ್ಟ್ರಿಕ್ಟ್, ಡಿಪ್ಲೊಮಾ ತಂದುಕೊಡುವ ಶಿಕ್ಷಕರನ್ನು ಗುರುತಿಸದೆ ಕಳೆದುಕೊಳ್ಳಬಹುದು. ಕಳೆದುಕೊಳ್ಳುವುದಕ್ಕೆ ಬೆಲೆಯೂ ಇದೆ: ಪ್ರತಿವರ್ಷ ಶಿಕ್ಷಕರು ಬದಲಾಗುವ ಶಾಲೆಗಳಲ್ಲಿ, ಹೊಸಬರ ಮಕ್ಕಳಷ್ಟೇ ಅಲ್ಲ, ಅಲ್ಲೇ ಉಳಿದ ಶಿಕ್ಷಕರ ಮಕ್ಕಳ ಕಲಿಕೆಯೂ ಕುಗ್ಗುತ್ತದೆಂದು ನ್ಯೂಯಾರ್ಕ್ ನಗರದ ಅಧ್ಯಯನವೊಂದು 2013ರಲ್ಲಿ ತೋರಿಸಿತು. ಮೇಲೆ ಹೇಳಿದ ಸಭೆಯಂಥದ್ದು ಹೊಸ ಮುಖಗಳ ನಡುವೆ ನಡೆಯಲಾರದು. ತಮ್ಮನನ್ನು ಶಾಲೆಗೆ ಬಿಡುವ ಹುಡುಗನ ಪ್ರಬಂಧ ನೆನಪಿನಲ್ಲಿರುವ ಶಿಕ್ಷಕರು ಬೇಕು.

ಇತರ ಕ್ರಮಗಳ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಶಿಕಾಗೊದಲ್ಲಿ 2003ರಿಂದ ಗಣಿತದಲ್ಲಿ ಹಿಂದುಳಿದ ಒಂಬತ್ತನೇ ತರಗತಿಯ ಮಕ್ಕಳಿಗೆ ದಿನಕ್ಕೆ ಎರಡು ಪೀರಿಯಡ್ ಆಲ್ಜೀಬ್ರಾ ಇಟ್ಟದ್ದು ಡಿಪ್ಲೊಮಾ ಪಡೆಯುವವರನ್ನೂ ಕಾಲೇಜಿಗೆ ಸೇರುವವರನ್ನೂ ಹೆಚ್ಚಿಸಿತು. ನ್ಯೂಯಾರ್ಕ್ ನಗರ 2002ರ ನಂತರ ಮುಚ್ಚಿದ ದೊಡ್ಡ ಹೈಸ್ಕೂಲುಗಳ ಜಾಗದಲ್ಲಿ ತೆರೆದ ಸಣ್ಣ ಶಾಲೆಗಳಿಗೆ ಲಾಟರಿಯಲ್ಲಿ ಆಯ್ಕೆಯಾದ ಮಕ್ಕಳ ಗ್ರ್ಯಾಜುಯೇಷನ್ ಪ್ರಮಾಣ, ಆಯ್ಕೆಯಾಗದವರಿಗಿಂತ ನೂರಕ್ಕೆ ಏಳರಿಂದ ಒಂಬತ್ತರಷ್ಟು ಹೆಚ್ಚಿತ್ತು. ಇವೆರಡಕ್ಕೂ ಕಟ್ಟಡ, ವೇಳಾಪಟ್ಟಿ, ಹಣ ಎಲ್ಲವೂ ಬೇಕು. ನಿಮ್ಮ ಡಿಸ್ಟ್ರಿಕ್ಟ್‌ಗೆ ಸಾಧ್ಯವಿದ್ದರೆ ಒಳ್ಳೆಯದೇ.

ಹಣದ ಬಗ್ಗೆ ಒಂದು ಎಚ್ಚರಿಕೆ ಅಗತ್ಯ. ಅಮೆರಿಕದ ಸುಮಾರು 13,000 ಸ್ಕೂಲ್ ಡಿಸ್ಟ್ರಿಕ್ಟ್‌ಗಳ ಹಣ ಮುಖ್ಯವಾಗಿ ರಾಜ್ಯದಿಂದಲೂ ಸ್ಥಳೀಯ ಆಸ್ತಿ ತೆರಿಗೆಯಿಂದಲೂ ಬರುತ್ತದೆ. ಫೆಡರಲ್ ಪಾಲು ಸಾಮಾನ್ಯ ವರ್ಷಗಳಲ್ಲಿ ಹತ್ತರಲ್ಲಿ ಒಂದರಷ್ಟು ಮಾತ್ರ. ಕೋವಿಡ್ ಕಾಲದಲ್ಲಿ ಬಂದ ಸುಮಾರು 190 ಬಿಲಿಯನ್ ಡಾಲರ್ ಫೆಡರಲ್ ನೆರವಿನಿಂದ ಎಷ್ಟೋ ಕಡೆ ಕೋಚ್‌ಗಳನ್ನು, ಕೌನ್ಸೆಲರ್‌ಗಳನ್ನು ನೇಮಿಸಿಕೊಂಡರು; ಆ ಹಣವನ್ನು ವಿನಿಯೋಗಿಸುವ ಗಡುವು 2024ರ ಸೆಪ್ಟೆಂಬರ್‌ನಲ್ಲಿ ಮುಗಿದಾಗ ಹಲವು ಹುದ್ದೆಗಳೂ ಮುಗಿದವು. ಆದ್ದರಿಂದ ಯೋಜನೆಯಲ್ಲಿ ಹೇಳಿರುವ ಹುದ್ದೆಗಳ ಸಂಬಳ ಖಾಯಂ ಬಜೆಟ್‌ನಿಂದ ಬರುತ್ತದೆಯೋ ಅನುದಾನದಿಂದಲೋ ಎಂದು ಕೇಳಿ. ಐದು ವರ್ಷಗಳ ಗುರಿಗೆ ಎರಡು ವರ್ಷಗಳ ಅನುದಾನ ಸಾಲದು.

ಹಾಜರಾತಿಯ ಬಗ್ಗೆಯೂ ಹಾಗೆಯೇ ನಿರ್ದಿಷ್ಟವಾಗಿ ಕೇಳಬೇಕು. ಶಾಲಾ ದಿನಗಳಲ್ಲಿ ಹತ್ತನೇ ಒಂದು ಭಾಗ, ಅಂದರೆ 180 ದಿನಗಳ ವರ್ಷದಲ್ಲಿ 18 ದಿನ, ಕಾರಣ ಏನೇ ಇರಲಿ, ತಪ್ಪಿಸಿಕೊಂಡ ಮಗುವನ್ನು ದೀರ್ಘ ಗೈರುಹಾಜರಿಯವರ ಸಾಲಿಗೆ ಸೇರಿಸುತ್ತಾರೆ. ದೇಶದಲ್ಲಿ ಇಂಥವರು 2018-19ರಲ್ಲಿ ಶೇ 15ರಷ್ಟಿದ್ದರು, 2021-22ರಲ್ಲಿ ಶೇ 28ರಷ್ಟಾದರು. ಅಲ್ಲಿಂದ ಇಳಿಕೆ ನಿಧಾನ. ಒಂಬತ್ತನೇ ತರಗತಿಯಲ್ಲಿ ಈ ಸಂಖ್ಯೆ ಎಷ್ಟು, ಪೀರಿಯಡ್‌ವಾರು ಹಾಜರಾತಿಯನ್ನು ಯಾರು, ಎಷ್ಟು ದಿನಗಳಿಗೊಮ್ಮೆ ನೋಡುತ್ತಾರೆ, ಮೂರನೇ ದಿನ ತಪ್ಪಿಸಿದಾಗ ಮನೆಗೆ ಹೋಗುವ ಕರೆ ಯಂತ್ರದ್ದೋ ಮನುಷ್ಯರದ್ದೋ ಎಂದು ಕೇಳಿ. ಉತ್ತರಗಳನ್ನು ಗುಂಪುವಾರು ಕೇಳುವುದನ್ನು ಮರೆಯಬೇಡಿ. 2015ರ ಎವ್ರಿ ಸ್ಟೂಡೆಂಟ್ ಸಕ್ಸೀಡ್ಸ್ ಕಾಯ್ದೆಯ ಪ್ರಕಾರ ಇಂಗ್ಲಿಷ್ ಕಲಿಯುತ್ತಿರುವವರು, ಅಂಗವೈಕಲ್ಯವುಳ್ಳವರು, ಬಡ ಕುಟುಂಬದವರು, ವಸತಿಯಿಲ್ಲದವರು ಇವರೆಲ್ಲರ ಪ್ರಮಾಣವನ್ನು ಬೇರೆಬೇರೆಯಾಗಿ ಪ್ರಕಟಿಸಬೇಕು. ದೇಶದ ಸರಾಸರಿ ಶೇ 87 ಇದ್ದಾಗಲೂ ಮೊದಲ ಎರಡು ಗುಂಪುಗಳದ್ದು ಶೇ 70ರ ಆಸುಪಾಸಿನಲ್ಲೇ ಇತ್ತು. ಶೇ 90ರ ಗುರಿ ಮುಟ್ಟಬೇಕಾದರೆ ದಾರಿ ಈ ಮಕ್ಕಳ ಮೂಲಕವೇ ಹೋಗಬೇಕು. ನಿಮ್ಮ ಮಗಳಂಥ ಮಕ್ಕಳಿಂದ ಆ ಅಂಕಿ ಅಷ್ಟೇನೂ ಏರುವುದಿಲ್ಲ.

ಆದರೂ ನಿಮ್ಮ ಮಗಳ ವಿಷಯಕ್ಕೆ ಬರುತ್ತೇನೆ, ಏಕೆಂದರೆ ಪ್ರಶ್ನೆಯ ಹಿಂದಿರುವ ಕಾಳಜಿ ಅದೇ ಎಂದು ನನಗೆ ತಿಳಿದಿದೆ. ಮೊದಲ ಪ್ರಗತಿ ವರದಿ ಸಾಮಾನ್ಯವಾಗಿ ಸೆಪ್ಟೆಂಬರ್ ಕೊನೆಯ ಹೊತ್ತಿಗೆ ಬರುತ್ತದೆ. ಅಲ್ಲಿಯವರೆಗೆ ಕಾಯದೆ, ಶಾಲೆಯ ಆನ್‌ಲೈನ್ ಗ್ರೇಡ್ ಪುಸ್ತಕವನ್ನು ವಾರಕ್ಕೊಮ್ಮೆ ಅವಳ ಜೊತೆಗೇ ಕುಳಿತು ತೆರೆಯಿರಿ. ಅವಳ ಬೆನ್ನ ಹಿಂದೆ ತೆರೆಯಬೇಡಿ. ಗ್ರೇಡ್‌ಗಿಂತ ಮೊದಲು ಒಪ್ಪಿಸದ ಕೆಲಸಗಳ ಕಾಲಮನ್ನೂ ಪೀರಿಯಡ್‌ವಾರು ಹಾಜರಾತಿಯನ್ನೂ ನೋಡಿ. ಖಾಲಿ ಬಿಟ್ಟ ಜಾಗ ಒಂದಿದ್ದರೆ ಕಾರಣ ಕೇಳಿ, ಎರಡಾದರೆ ಆ ಶಿಕ್ಷಕರಿಗೆ ಎರಡು ಸಾಲಿನ ಮಿಂಚಂಚೆ ಬರೆಯಿರಿ, ಮೂರಾದರೆ ಕೌನ್ಸೆಲರ್ ಅವರನ್ನು ಭೇಟಿಯಾಗಲು ಸಮಯ ಕೇಳಿ. ಊರಿಗೆ ಹೋಗುವ ಪ್ರಯಾಣವನ್ನು ಶಾಲೆಯ ರಜೆಗಳ ಆಚೆಗೆ ಎರಡು ವಾರ ಚಾಚುವ ಅಭ್ಯಾಸ ಮನೆಯಲ್ಲಿದ್ದರೆ, ಹೈಸ್ಕೂಲಿನ ಮೊದಲ ವರ್ಷ ಅದನ್ನು ಬಿಟ್ಟುಬಿಡಿ. ಮೊದಲ ವಾರದಲ್ಲೇ ಕೌನ್ಸೆಲರ್ ಅವರನ್ನು ಒಂದು ಪ್ರಶ್ನೆ ಕೇಳಿ: ನನ್ನ ಮಗಳಿಗೆ ಪಾಠ ಮಾಡುವ ಶಿಕ್ಷಕರು ಅವಳ ತರಗತಿಯ ಮಕ್ಕಳ ಬಗ್ಗೆ ಮಾತನಾಡಲು ಒಟ್ಟಿಗೆ ಸೇರುವುದು ವಾರದ ಯಾವ ದಿನ, ಎಷ್ಟು ಗಂಟೆಗೆ? ದಿನ ಮತ್ತು ಗಂಟೆ ಹೇಳಿ ಉತ್ತರಿಸಿದರೆ ನಿಮ್ಮ ಮಂಡಳಿಯ ಯೋಜನೆ ಆ ಶಾಲೆಯವರೆಗೆ ತಲುಪಿದೆಯೆಂದು ತಿಳಿಯಿರಿ. ಉತ್ತರ ಬೇರೆ ಬಗೆಯದಾಗಿದ್ದರೆ, ಮುಂದಿನ ಸಭೆಯಲ್ಲಿ ಸಾರ್ವಜನಿಕರಿಗೆ ಮಾತನಾಡಲು ಕೊಡುವ ಎರಡು ಮೂರು ನಿಮಿಷಗಳಲ್ಲಿ ಅದೊಂದನ್ನೇ ಕೇಳಿ, ಅದರ ಮುಂದಿನ ಸಭೆಯಲ್ಲೂ ಅದನ್ನೇ ಕೇಳಿ.